ಅಲ್ಲಿರಬಾರದ ಹೆಸರು

ಕಪ್ಪು ಪರದೆಯ ಮೇಲೆ ಜಾರುತ್ತಿದ್ದ ಅವಳ ಕಣ್ಣು ಒಂದು ಸಾಲಿನಲ್ಲಿ ನಿಂತುಬಿಟ್ಟಿತು. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡಿದ್ದ ತನ್ನ ಲ್ಯಾಪ್‌ಟಾಪಿನಲ್ಲಿ ಯಾವ ಯಾವ ಪ್ರೋಗ್ರಾಂ ಓಡುತ್ತಿವೆ ಎಂದು ನೋಡಲು ಆಜ್ಞೆ ಕೊಟ್ಟರೆ, ವಿಂಡೋಸ್‌ನಲ್ಲಷ್ಟೇ ಇರುವ ಹೆಸರೊಂದು ಬೇರೆ ನಾಟಕದ ವೇಷ ತೊಟ್ಟು ಬಂದವನ ಹಾಗೆ ಕೂತಿತ್ತು. ಕೆದಕಿ ನೋಡಿದಳು. ಅವಳು ಒತ್ತಿದ ಪ್ರತಿ ಅಕ್ಷರವನ್ನೂ ಅದು ಯಾರದೋ ಫೋನಿಗೆ ಕಳಿಸುತ್ತಿತ್ತು.

ಆ ಹೆಸರಿಟ್ಟರೆ ಅನುಮಾನ ಬರುವುದಿಲ್ಲ ಎಂದುಕೊಳ್ಳುವವನು, ವಿಂಡೋಸ್ ಬಿಟ್ಟು ಬೇರೇನೂ ಗೊತ್ತಿಲ್ಲದ ಗಂಡ. ಮೊನ್ನೆ ಅವನೇ, "ಫೋಟೋ ಇಳಿಸ್ಕೋತೀನಿ, ಲ್ಯಾಪ್‌ಟಾಪ್ ಸ್ವಲ್ಪ ಕೊಡೇ" ಅಂದಿದ್ದ. ಪಾಸ್‌ವರ್ಡನ್ನು ಅವಳೇ ನಗುತ್ತಾ ಹೇಳಿಕೊಟ್ಟಿದ್ದಳು.

ಅವಳು ಆ ಪ್ರೋಗ್ರಾಂ ನಿಲ್ಲಿಸಲಿಲ್ಲ. "ಅನುಮಾನ ಇದ್ದಿದ್ರೆ ನನ್ನನ್ನೇ ಕೇಳಬಹುದಿತ್ತಲ್ಲ" ಎಂದು ಒಂದೊಂದೇ ಅಕ್ಷರ ಒತ್ತಿದಳು.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಗಂಡನ ಜೇಬಿನಲ್ಲಿ ಫೋನು ಟಿಣ್ ಎಂದಿತು. ಸ್ವಲ್ಪ ಹೊತ್ತಿಗೆ ನಲ್ಲಿಯ ಸದ್ದು ನಿಂತಿತು.