ಗೋಪುರದ ಕೆಳಗೆ ನಿಂತವನು

ಚರ್ಚಿನ ಸಭಾಂಗಣದಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್ ಜಿಲ್ಲೆಯ ಹಳೆಯ ಬೀದಿಗಳ ಫೋಟೋಗಳನ್ನು ನೋಡುತ್ತಿದ್ದ ಮೇವಿಸ್ ಒಂದರ ಮುಂದೆ ನಿಂತುಬಿಟ್ಟಳು. ಬೆಣ್ಣೆಪೇಟೆಯ ಗಡಿಯಾರ ಗೋಪುರದ ಉದ್ಘಾಟನೆ. ಗುಂಪಿನ ಅಂಚಿನಲ್ಲಿ, ಮನೆಯ ಗೋಡೆಯ ಫೋಟೋದಲ್ಲಿದ್ದಂತೆಯೇ ಟೋಪಿ ಓರೆಯಾಗಿಟ್ಟುಕೊಂಡು ನಿಂತಿದ್ದವನು ಅವಳ ಅಪ್ಪ. ಅಪ್ಪ ಯುದ್ಧದಲ್ಲಿ ಸತ್ತನೆಂದೇ ಅಮ್ಮ ಹೇಳಿದ್ದಳು. ಗೋಪುರ ಎದ್ದದ್ದು ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ. ಎರಡರಲ್ಲಿ ಯಾವುದೋ ಒಂದನ್ನು ತಾನು ತಪ್ಪಾಗಿ ತಿಳಿದಿರಬೇಕು.

"ಅಮ್ಮಾ, ಈ ಗೋಪುರ ಯುದ್ಧಕ್ಕೆ ಮುಂಚೆನೇ ಇತ್ತಾ?"

ಗಾಲಿಕುರ್ಚಿಯಲ್ಲಿದ್ದ ತಾಯಿ ಈನಿಡ್ ಚಿತ್ರದತ್ತ ಬಾಗಿದಳು. "ಇಲ್ಲ ಕಣೆ, ಆಮೇಲೇ ಕಟ್ಟಿದ್ದು."

"ಮತ್ತೆ ಇದು ಅಪ್ಪ ಅಲ್ವಾ?"

ಈನಿಡ್ ಮಗಳ ತೋಳು ಹಿಡಿದುಕೊಂಡಳು. "ನೀನಾಗ ಚಿಕ್ಕೋಳು, ನೆನಪಿಲ್ಲ ನಿಂಗೆ. ಅವತ್ತು ನೀವು ಶಾಲೆಯವರೆಲ್ಲ ಹಾಡಿದ್ರಿ, ಅದನ್ನ ಕೇಳೋಕೆ ಬಂದಿದ್ದ. ದೂರ ನಿಂತು ಕೇಳ್ಕೊಂಡು ಹೋಗು, ಮಗು ಹತ್ರ ಬರಬೇಡ ಅಂತ ನಾನೇ ಹೇಳಿದ್ದೆ."