ಎರಡು ತಲೆಯ ಗುಡ್ಡ

ಕಷಾಯಕ್ಕೆಂದು ಮಜ್ಜಿಗೆ ಹುಲ್ಲು ಕತ್ತರಿಸುವಾಗ ಬೆರಳಿಗೆ ಹತ್ತುವ ವಾಸನೆ ಈಗಲೂ ನನ್ನನ್ನು ಉಬ್ರಾಣಿ ಕಾಡಿನ ಗುಡ್ಡದ ನೆತ್ತಿಗೆ ಒಯ್ಯುತ್ತದೆ.

ಎರಡನೇ ಮಹಾಯುದ್ಧದ ಕಾಲವದು. ನಾನು ಓದುತ್ತಿದ್ದ ಕಾನ್ವೆಂಟಿನಿಂದ ರಜೆಗೆ ಊರಿಗೆ ಬಂದಿದ್ದೆ. ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕಲು ಹಿಂದಿನ ದಿನ ಹೋದ ಅಪ್ಪ ಮರಳಿರಲಿಲ್ಲ. ಗಂಡಸರು ತಪ್ಪಲಲ್ಲಿ ಹುಡುಕುತ್ತಿದ್ದರು. ಅಮ್ಮ, ಅಪ್ಪನ ತಾಯಿ ಮತ್ತು ನಾನು ಸೊಂಟದೆತ್ತರದ ಆ ಮಜ್ಜಿಗೆ ಹುಲ್ಲಿನ ನಡುವೆಯೇ ಗುಡ್ಡ ಹತ್ತಿದೆವು.

ಊರಿಂದ ಒಂದಾಗಿ ಕಾಣುವ ಗುಡ್ಡಕ್ಕೆ ಮೇಲೆ ಹೋದರೆ ಎರಡು ತಲೆ, ನಡುವೆ ತಳ ಕಾಣದ ಕಮರಿ. ಅಮ್ಮ ಅಂಚಿನಲ್ಲಿ ನಿಂತು "ಕೂ" ಎಂದು ಕೂಗಿದಳು. ಕಾಡಿನಲ್ಲಿ ಕರೆಯುವುದೂ ಹಾಗೆಯೇ, ಓಗೊಡುವುದೂ ಹಾಗೆಯೇ. ಆ ಕಡೆಯಿಂದ "ಕೂ" ಎಂದು ಬಂತು.

"ಅವ್ರೇ ಕಣ್ರೀ ಅತ್ತೆ!" ಅಮ್ಮ ನನ್ನ ಕೈ ಹಿಂಡಿದಳು.

"ಬಂಡೆ ಕಣೇ ಅದು. ನಿನ್ ಕೂಗ್ನೇ ನಿನಗೆ ಕೊಡ್ತೈತೆ," ಅಂದಳು ಅಜ್ಜಿ.

ಮತ್ತೆ ಕೂಗಿದಾಗಲೂ ಅದೇ ಬಂತು. ಅಪ್ಪನೋ ಬಂಡೆಯೋ ತಿಳಿಯಲಿಲ್ಲ.

"ಹೆಸರು ಹಿಡಿದು ಕರೀತೀನಿ. ಅವ್ರಾದ್ರೆ ಬೇರೆ ಏನಾದ್ರೂ ಅಂತಾರೆ," ಅಂದಳು ಅಮ್ಮ.

"ಕಾಡಾಗೆ ಹೆಸರು ಹೇಳಿದ್ರೆ ದೆವ್ವ ಓಗೊಡ್ತೈತೆ. ಅದ್ರಾಗೂ ಗಂಡನ ಹೆಸರು! ಬಾಯಿ ಬಿಟ್ಟೀಯ, ಜ್ವಾಕೆ!"

ಅಮ್ಮನ ಕುಪ್ಪಸ ಬೆವರಿಗೆ ಬೆನ್ನಿಗಂಟಿತ್ತು. "ಹಾಲಪ್ಪಾ!" ಎಂದು ಕೂಗಿಬಿಟ್ಟಳು. ಅವಳ ಬಾಯಲ್ಲಿ ಅಪ್ಪನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಎದುರಿನ ಬಂಡೆ "ಹಾಲಪ್ಪಾ" ಎಂದಿತು. ಆಮೇಲೆ ಏನೂ ಕೇಳಿಸಲಿಲ್ಲ.

ಅಜ್ಜಿ ಬೈಯುತ್ತಾಳೆಂದು ನಾನು ತಲೆ ತಗ್ಗಿಸಿದೆ. ಅವಳು ಅಮ್ಮನ ಬೆನ್ನ ಮೇಲೆ ಕೈಯಿಟ್ಟು, "ಇನ್ನೊಂದ್ಸಲ ಕೂಗವ್ವ. ಇನ್ನೂ ಗಟ್ಟಿಯಾಗಿ," ಅಂದಳು.