ಆರನೆಯ ವರದಿ

"ಏನು ತಂಪು ಅಮ್ಮಾವ್ರೇ! ನನಗೆ ಚಳಿ ಹಿಡೀತಿದೆ," ಎಂದು ಮೆಕ್ಯಾನಿಕ್ ಎಫ್ರೇನ್ ಅಂಗೈ ಉಜ್ಜಿಕೊಂಡ. ಕಾರಿನೊಡತಿ ನೆಲಿದಾಳಿಗೆ ಮೈಯುರಿಯಿತು. ಕಾರು ಕೊಂಡು ಇನ್ನೂ ಏಳು ತಿಂಗಳು. ಎಸಿ ಕೆಡುವುದು ಮೆಕ್ಸಿಕೋದ ಮೆಕ್ಸಿಕಾಲಿಯಿಂದ ಗಡಿ ದಾಟಿ ಅಮೆರಿಕಕ್ಕೆ ಹೋಗುವ ಈ ಕಾರುಗಳ ಸಾಲಿನಲ್ಲೇ, ನಲವತ್ತೇಳು ಡಿಗ್ರಿ ಬಿಸಿಲಿನಲ್ಲಿ. ವರ್ಕ್‌ಶಾಪಿನಲ್ಲಿ ಒಮ್ಮೆಯೂ ಇಲ್ಲ. ಐದು ಸಲ 'ದೋಷವಿಲ್ಲ' ಎಂದು ಬರೆದುಕೊಟ್ಟವನನ್ನು ಇವತ್ತು ಹಟ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡು ಬಂದಿದ್ದಳು.

"ಇನ್ನೊಂಚೂರು ಕೂತ್ಕೊಳ್ಳಪ್ಪ. ಈಗ ಕೈ ಕೊಡುತ್ತೆ ನೋಡು."

"ಎರಡು ಗಂಟೆಯಿಂದ ಅದನ್ನೇ ಹೇಳ್ತಿದೀರಿ. ಅಕೋ, ಗೇಟು ಕಾಣ್ತಿದೆ. ನನ್ನ ಹತ್ರ ವೀಸಾ ಇಲ್ಲ. ಅವರು ನನ್ನ ಹಿಡಿದು ಒಳಗೆ ಹಾಕಿದ್ರೆ ನಿಮ್ಮ ಎಸಿ ನೋಡೋರ್ಯಾರು?" ಎಂದು ನಗುತ್ತ ಆರನೆಯ ವರದಿಗೂ ಸಹಿ ಹಾಕಿ, ಅದನ್ನು ಅವಳ ಮಡಿಲಲ್ಲಿಟ್ಟು, ಇಳಿದು ಬಾಗಿಲು ಹಾಕಿದ.

ಬಾಗಿಲು ಮುಚ್ಚಿದ್ದೇ ತಡ, ಎಸಿಯ ಗಾಳಿ ಬೆಚ್ಚಗಾಯಿತು. ನೋಡನೋಡುತ್ತಲೇ ಒಲೆಯ ಬಾಯಿಂದ ಬಂದಂತೆ ಮುಖಕ್ಕೆ ರಾಚಿತು. ನೆಲಿದಾ ಹಾರ್ನ್ ಒತ್ತಿದಳು, ಒತ್ತುತ್ತಲೇ ಇದ್ದಳು. ಸಾಲು ಬೇಗ ಸರಿಯಲೆಂದು ಒತ್ತುತ್ತಿದ್ದಾಳೆಂದುಕೊಂಡು ಹಿಂದಿನ ಕಾರುಗಳೆಲ್ಲ ದನಿಗೂಡಿಸಿದವು. ಕಾರುಗಳ ಸಂದಿಯಲ್ಲಿ ನುಸುಳಿಕೊಂಡು ಊರ ಕಡೆ ಹೊರಟಿದ್ದ ಎಫ್ರೇನ್, ಅದೆಲ್ಲ ತನಗೆ ಬೀಳ್ಕೊಡುಗೆ ಎಂಬಂತೆ ಹಿಂದಿರುಗಿ ನೋಡದೆ ಕೈ ಬೀಸಿದ. ನಡೆದು ಹೋಗುವವನಿಗೆ ದಾರಿಯಿತ್ತು. ಅವಳಿಗೆ ಎರಡೂ ಕಡೆ ಕಾಂಕ್ರೀಟ್ ಗೋಡೆ, ಹಿಂದೆ ಮುನ್ನೂರು ಕಾರು, ಮುಂದೆ ನಲವತ್ತು.

ಅವಳು ಮಡಿಲಲ್ಲಿದ್ದ 'ದೋಷವಿಲ್ಲ'ವನ್ನು ಎತ್ತಿಕೊಂಡು, ಎರಡಾಗಿ ಮಡಿಸಿ, ಗಾಳಿ ಬೀಸಿಕೊಳ್ಳತೊಡಗಿದಳು.